ಪರವಾನಗಿ ಬೇಡದ ಮಾತು

ನಮ್ಮ ಮನೆಗೆ ಮೊದಲು ರೇಡಿಯೋ ಬಂದಾಗ ಅದರೊಡನೆ ಒಂದು ಪುಟ್ಟ ಪುಸ್ತಕವೂ ಬಂದಿತು. ಅದು ಲೈಸೆನ್ಸಿನ ಪುಸ್ತಕ. ವರ್ಷಕ್ಕೊಮ್ಮೆ ನಮ್ಮ ತಂದೆಯವರು ಅದನ್ನು ಜೋಪಾನವಾಗಿ ಕೈಚೀಲದಲ್ಲಿರಿಸಿಕೊಂಡು ಅಂಚೆ ಕಚೇರಿಗೆ ಹೋಗುವರು. ಹಣ ಕಟ್ಟಿ, ಮುದ್ರೆ ಒತ್ತಿಸಿಕೊಂಡು ಹಿಂದಿರುಗುವರು. ಅಂದಿನ ಸಂಜೆ ವಾರ್ತೆ ಕೇಳುವಾಗ ಅವರ ಮುಖದಲ್ಲಿ ಋಣ ತೀರಿಸಿದವರ ನೆಮ್ಮದಿಯಿರುತ್ತಿತ್ತು. ನಿಮ್ಮಲ್ಲಿ ಐವತ್ತು ದಾಟಿದವರಿಗೆ ಇದು ನೆನಪಿದ್ದೀತು. ಆ ಪದ್ಧತಿ ಎಂದೋ ಹೋಯಿತು. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ.

ಕೇಳುವುದಕ್ಕೆ ಲೈಸೆನ್ಸು ಬೇಕಾಗಿದ್ದ ಕಾಲವನ್ನು ನೆನೆದು ನಾವು ನಗಬಹುದು. ಆದರೆ ಹೇಳುವುದಕ್ಕೇ ಲೈಸೆನ್ಸು ಬೇಕಾಗಿದ್ದ ಕಾಲವೊಂದು ನಮ್ಮ ದೇಶದಲ್ಲಿತ್ತು. ಅದಕ್ಕೆ ವಿರುದ್ಧವಾಗಿ ಕಲ್ಕತ್ತೆಯ ಆರು ಮಂದಿ ನಾಗರಿಕರು ಒಂದು ಬಿನ್ನಹವನ್ನು ಬರೆದರು. ಆ ಬಿನ್ನಹ ಸೋತಿತು. ಸೋತ ಕಥೆಯನ್ನು ಏಕೆ ಹೇಳಬೇಕೆಂದು ನೀವು ಕೇಳಬಹುದು. ಸ್ವಲ್ಪ ತಾಳಿ, ಕಥೆ ಇಂಗ್ಲೆಂಡಿನವರೆಗೆ ಹೋಗಿ ನಮ್ಮ ಮೈಸೂರಿಗೂ ಬರುವುದಿದೆ.

ಭಾರತದಲ್ಲಿ ಅಚ್ಚಾದ ಮೊದಲ ವೃತ್ತಪತ್ರಿಕೆ ಹೊರಟದ್ದು 1780ರ ಜನವರಿ 29ರಂದು, ಕಲ್ಕತ್ತೆಯಲ್ಲಿ. ಅದನ್ನು ಹೊರಡಿಸಿದವನು ಜೇಮ್ಸ್ ಆಗಸ್ಟಸ್ ಹಿಕ್ಕಿ ಎಂಬಾತ. ಹಿಕ್ಕಿ ಸಾಧುಪುರುಷನೇನೂ ಅಲ್ಲ. ಆತನ ಬರಹದಲ್ಲಿ ಚಾಡಿಯೂ ಉಂಟು, ಒರಟುತನವೂ ಉಂಟು. ಆದರೆ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನನ್ನೂ ಮುಖ್ಯ ನ್ಯಾಯಾಧೀಶ ಇಂಪೆಯನ್ನೂ ಆತ ಬಿಡಲಿಲ್ಲ. ಮೊದಲು ಅಂಚೆಯಲ್ಲಿ ಪತ್ರಿಕೆ ಕಳಿಸುವ ಸೌಲಭ್ಯ ತಪ್ಪಿತು, ಅನಂತರ ಸೆರೆಮನೆ, 1782ರಲ್ಲಿ ಅಚ್ಚಿನ ಮೊಳೆಗಳೇ ಮುಟ್ಟುಗೋಲಾದವು. ಮೊಳೆಗಳು ಹೋದ ಮೇಲೆ ಪತ್ರಿಕೆಯೆಲ್ಲಿ? ಮುಂದೆ 1799ರಲ್ಲಿ ವೆಲ್ಲೆಸ್ಲಿಯು ಅಚ್ಚಿಗೆ ಮುನ್ನವೇ ಪ್ರತಿಯನ್ನು ಸರ್ಕಾರಕ್ಕೆ ತೋರಿಸಬೇಕೆಂಬ ಕಟ್ಟಳೆ ತಂದ. ಶ್ರೀರಂಗಪಟ್ಟಣ ಬಿದ್ದ ವರ್ಷವದು ಎಂಬುದನ್ನು ಗಮನಿಸಿರಿ. 1818ರಲ್ಲಿ ಆ ಕಟ್ಟಳೆ ಸಡಿಲವಾಯಿತು. ಸಡಿಲವಾದೊಡನೆ ಕಲ್ಕತ್ತೆಯಲ್ಲಿ ಪತ್ರಿಕೆಗಳು ಮಳೆ ಬಿದ್ದ ಮೇಲಿನ ಹುಲ್ಲಿನಂತೆ ಎದ್ದವು. ಇಂಗ್ಲಿಷಿನಲ್ಲಷ್ಟೇ ಅಲ್ಲ, ಬಂಗಾಳಿಯಲ್ಲಿಯೂ ಪಾರಸಿಯಲ್ಲಿಯೂ.

ಇವುಗಳಲ್ಲಿ ಹೆಸರಾದದ್ದು ಜೇಮ್ಸ್ ಸಿಲ್ಕ್ ಬಕಿಂಗ್‌ಹ್ಯಾಂ ನಡೆಸುತ್ತಿದ್ದ ‘ಕಲ್ಕತ್ತಾ ಜರ್ನಲ್’. 1823ರ ಆರಂಭದಲ್ಲಿ ಕಂಪೆನಿಯ ಸರ್ಕಾರವು ಡಾಕ್ಟರ್ ಬ್ರೈಸ್ ಎಂಬ ಸ್ಕಾಟಿಷ್ ಪಾದ್ರಿಯನ್ನು ಕಾಗದ ಲೇಖನಿಗಳ ಸರಬರಾಜಿನ ಸಮಿತಿಗೆ ಗುಮಾಸ್ತೆಯನ್ನಾಗಿ ನೇಮಿಸಿತು. ಧರ್ಮೋಪದೇಶ ಮಾಡಬೇಕಾದವರು ಕಾಗದದ ರೀಮು ಎಣಿಸುವುದೇ ಎಂದು ಬಕಿಂಗ್‌ಹ್ಯಾಂ ಹಾಸ್ಯ ಮಾಡಿದ. ಆಗ ಗವರ್ನರ್ ಜನರಲ್ ಪದವಿಯಲ್ಲಿ ಹಂಗಾಮಿಯಾಗಿ ಕುಳಿತಿದ್ದವನು ಜಾನ್ ಆಡಂ. ಏಳು ತಿಂಗಳ ಮಟ್ಟಿಗೆ ಬಂದ ಅಧಿಕಾರಿ. ಆತನಿಗೆ ಹಾಸ್ಯ ರುಚಿಸಲಿಲ್ಲ. ಬಕಿಂಗ್‌ಹ್ಯಾಂ ಗಡೀಪಾರಾದ. ದೊಡ್ಡ ದೊಡ್ಡ ಕಾನೂನುಗಳು ಎಷ್ಟು ಸಣ್ಣ ಸಿಟ್ಟಿನಿಂದ ಹುಟ್ಟುತ್ತವೆಂಬುದನ್ನು ಯೋಚಿಸಿದರೆ ಸೋಜಿಗವಾಗುತ್ತದೆ.

ಏಕೆಂದರೆ ಆಡಂ ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಮಾರ್ಚಿ ತಿಂಗಳಲ್ಲಿ ಆತ ಒಂದು ಹೊಸ ನಿರೂಪವನ್ನು ಹೊರಡಿಸಿದ. ಇನ್ನು ಮುಂದೆ ಸರ್ಕಾರದ ಪರವಾನಗಿಯಿಲ್ಲದೆ ಯಾರೂ ಪತ್ರಿಕೆಯನ್ನು ಪ್ರಕಟಿಸಕೂಡದು. ಪರವಾನಗಿ ಬೇಕಾದವರು ತಮ್ಮ ಹೆಸರು, ವಾಸಸ್ಥಳ, ಅಚ್ಚುಕೂಟದ ವಿವರಗಳನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. ಮುಖ್ಯ ಕಾರ್ಯದರ್ಶಿಯ ಸಹಿ ಪಡೆಯಬೇಕು. ಕೊಟ್ಟ ಪರವಾನಗಿಯನ್ನು ಸರ್ಕಾರವು ತನ್ನ ಇಚ್ಛೆ ಬಂದಾಗ ಹಿಂತೆಗೆದುಕೊಳ್ಳಬಹುದು. ತಪ್ಪು ಮಾಡಿದವನನ್ನು ನ್ಯಾಯಾಲಯಕ್ಕೆ ಎಳೆಯುವುದು ಒಂದು ಬಗೆ. ತಪ್ಪು ಮಾಡುವ ಮುನ್ನವೇ ಬಾಯಿಗೆ ಬೀಗ ಹಾಕಿ, ಬೀಗದ ಕೈಯನ್ನು ತಾನೇ ಇಟ್ಟುಕೊಳ್ಳುವುದು ಇನ್ನೊಂದು ಬಗೆ. ಆಡಂ ಆರಿಸಿಕೊಂಡದ್ದು ಎರಡನೆಯದನ್ನು.

ಇಂಥ ನಿರೂಪವು ಜಾರಿಗೆ ಬರಬೇಕಾದರೆ ಕಲ್ಕತ್ತೆಯ ಸುಪ್ರೀಂ ಕೋರ್ಟಿನಲ್ಲಿ ದಾಖಲಾಗಬೇಕೆಂಬ ನಿಯಮವಿತ್ತು. ಅದೊಂದೇ ಕಿಂಡಿ. ಆ ಕಿಂಡಿಯನ್ನು ಕಂಡವರು ರಾಜಾ ರಾಮಮೋಹನ ರಾಯರು. ಸತೀಪದ್ಧತಿಯ ವಿಷಯದಲ್ಲಿ ಅವರ ಹೆಸರನ್ನು ನೀವೆಲ್ಲ ಪಾಠದಲ್ಲಿ ಓದಿದ್ದೀರಿ. ಅವರು ಪತ್ರಿಕಾಕರ್ತರೂ ಆಗಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. 1822ರ ಏಪ್ರಿಲಿನಿಂದ ಅವರು ‘ಮಿರಾತ್-ಉಲ್-ಅಖ್ಬಾರ್’ ಎಂಬ ಪಾರಸಿ ವಾರಪತ್ರಿಕೆಯನ್ನು ನಡೆಸುತ್ತಿದ್ದರು. ಆ ಹೆಸರಿಗೆ ಸುದ್ದಿಗಳ ಕನ್ನಡಿ ಎಂದು ಅರ್ಥ. ಪಾರಸಿಯಲ್ಲೇಕೆಂದರೆ, ಆಗ ದೇಶದ ಓದಿದ ಜನಕ್ಕೆ, ಕಚೇರಿ ದರ್ಬಾರುಗಳಿಗೆ, ಅದೇ ಸಾಮಾನ್ಯ ಭಾಷೆ.

ರಾಯರೂ ದ್ವಾರಕಾನಾಥ ಠಾಕೂರರೂ ಇನ್ನು ನಾಲ್ವರೂ ಸೇರಿ ಕೋರ್ಟಿಗೆ ಬಿನ್ನಹವೊಂದನ್ನು ಸಲ್ಲಿಸಿದರು. ಇಲ್ಲಿ ಕನ್ನಡ ಪಂಡಿತನಾದ ನನಗೊಂದು ಮಾತು ಹೇಳಲು ಅಪ್ಪಣೆಯಾಗಲಿ. ಬಿನ್ನಹವೆಂದರೆ ಅಂಗಲಾಚುವುದು, ಕೈಯೊಡ್ಡುವುದು ಎಂದು ನಾವು ತಿಳಿದಿರುತ್ತೇವೆ. ಆದರೆ ಬಿನ್ನಪ, ಬಿನ್ನಹ ಎಂಬವು ‘ವಿಜ್ಞಾಪನ’ದ ತದ್ಭವಗಳು. ತಿಳಿಯಪಡಿಸುವುದು ಎಂಬುದೇ ಅದರ ಮೂಲಾರ್ಥ. ಬೇಡುವವನು ಕೆಳಗಿರುತ್ತಾನೆ, ಸರಿ. ತಿಳಿಯಪಡಿಸುವವನಾದರೋ ಕೇಳುವವನಿಗಿಲ್ಲದ ಒಂದನ್ನು ಕೈಯಲ್ಲಿ ಹಿಡಿದಿರುತ್ತಾನೆ. ರಾಯರ ಬಿನ್ನಹವು ಈ ಎರಡನೆಯ ಜಾತಿಯದು.

ಅದರ ಭಾಷೆಯೇನೋ ಬಹಳ ವಿನಯದ್ದು. ಇಂಗ್ಲಿಷರ ಆಳ್ವಿಕೆಯ ಗುಣಗಳನ್ನು ಅದು ಧಾರಾಳವಾಗಿ ಹೊಗಳುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗ ಮುಖ ಸಿಂಡರಿಸುತ್ತಾರೆ. ಆದರೆ ಹೊಗಳಿಕೆಯ ಒಳಗೆ ರಾಯರು ಇಟ್ಟಿರುವ ವಾದವನ್ನು ನೋಡಿರಿ. ಆಳುವವನು ಎಷ್ಟೇ ಒಳ್ಳೆಯವನಾಗಿರಲಿ, ಮನುಷ್ಯನಾದ್ದರಿಂದ ಅಪೂರ್ಣ. ವಿಸ್ತಾರವಾದ ರಾಜ್ಯವನ್ನು ಆಳುವಾಗ ತಪ್ಪು ಆಗಿಯೇ ಆಗುತ್ತದೆ. ಆದ್ದರಿಂದ ತಪ್ಪು ನಡೆದ ಸ್ಥಳದಿಂದ ತನ್ನ ಕಿವಿಯವರೆಗೆ ಸುದ್ದಿ ಬರುವ ದಾರಿಯನ್ನು ತೆರೆದಿಡುವುದರಲ್ಲಿ ಆತನಿಗೇ ಆತುರವಿರಬೇಕು. ಅಂಥ ದಾರಿ ಅಡೆತಡೆಯಿಲ್ಲದ ಪ್ರಕಟಣೆಯೊಂದೇ. ಅದನ್ನು ಮುಚ್ಚಿದರೆ ಪ್ರಜೆಯ ದುಃಖ ಆಳುವವನಿಗೆ ತಿಳಿಯದು. ಕೆಳಗಿನ ಅಧಿಕಾರಿಗಳ ಅನ್ಯಾಯ ಮೇಲಿನವರಿಗೆ ತಿಳಿಯದು. ಸಮುದ್ರದಾಚೆಯ ದೊರೆಗಂತೂ ಏನೂ ತಿಳಿಯದು. ದೊರೆಗೆ ಬರೆದ ಮುಂದಿನ ಮನವಿಯಲ್ಲಿ ಅವರು ಇನ್ನೊಂದು ಹೆಜ್ಜೆ ಹೋದರು. ಪತ್ರಿಕೆಗೆ ಸ್ವಾತಂತ್ರ್ಯವಿರುವ ಕಡೆ ಕುಂದುಕೊರತೆಗಳು ಮಾತಿನಲ್ಲೇ ತೀರುತ್ತವೆ. ಅದಿಲ್ಲದ ಕಡೆಯೇ ದಂಗೆಗಳು ಹುಟ್ಟುವುದು ಎಂದು ಚರಿತ್ರೆಯನ್ನು ಸಾಕ್ಷಿಗೆ ಕರೆದರು. ಮಾತಾಡಲು ಬಿಡಿರೆಂದು ಅವರು ಪ್ರಜೆಯ ಪರವಾಗಿ ಮಾತ್ರ ಕೇಳಲಿಲ್ಲ. ಆಳುವವನ ಹಿತವೂ ಅದರಲ್ಲಿದೆಯೆಂದು ತೋರಿಸಿದರು.

ಈ ವಾದದ ಸತ್ಯವನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಹೆಚ್ಚಾಗಿ ನನ್ನದೇ ತಪ್ಪಿನಿಂದ ಕಲಿತೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನಿದ್ದ ಪ್ರೌಢಶಾಲೆಯಲ್ಲಿ ಮಕ್ಕಳಿಂದ ಗೋಡೆ ಪತ್ರಿಕೆಯನ್ನು ನಡೆಸುವ ಹೊಣೆ ನನ್ನದಾಗಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ‘ನಮ್ಮ ನೀರಿನ ತೊಟ್ಟಿ’ ಎಂದು ಅರ್ಧ ಪುಟ ಬರೆದ. ತೊಟ್ಟಿಯನ್ನು ತೊಳೆದು ಎಷ್ಟು ತಿಂಗಳಾಯಿತೆಂದು ಲೆಕ್ಕ ಹಾಕಿ ಬರೆದಿದ್ದ. ಬರಹದಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಆ ವಾರ ಮೇಲಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ತೆಗೆಯಿರೆಂದು ನನಗೆ ಯಾರೂ ಹೇಳಲಿಲ್ಲ. ನಾನೇ ಹೆದರಿ ಆ ಹಾಳೆಯನ್ನು ಕಿತ್ತೆ. ಮುಂದಿನ ಒಂದೂವರೆ ತಿಂಗಳು ಗೋಡೆಯ ಮೇಲೆ ಸುಭಾಷಿತಗಳು, ಹೂವಿನ ಚಿತ್ರಗಳು, ಮಹಾಪುರುಷರ ಜನ್ಮದಿನಗಳು. ಅಕ್ಷರ ಎಷ್ಟು ದುಂಡಗಾಗಿದೆಯೆಂದು ನಾನು ಸಂತೋಷವನ್ನೂ ಪಟ್ಟೆ! ಆಮೇಲೆ ಒಂದು ದಿನ ಜವಾನ ತೊಟ್ಟಿಯಿಂದ ಸತ್ತ ಅಳಿಲೊಂದನ್ನು ಎತ್ತಿ ಹಾಕಿದ. ವಿಚಾರಿಸಿದರೆ, ಒಂಬತ್ತನೆಯ ತರಗತಿಯವರೆಲ್ಲ ವಾರದಿಂದ ಮನೆಯಿಂದಲೇ ನೀರು ತರುತ್ತಿದ್ದರು. ಚಿಕ್ಕ ತರಗತಿಯವರು ಅದನ್ನೇ ಕುಡಿಯುತ್ತಿದ್ದರು. ‘ನನಗೇಕೆ ಹೇಳಲಿಲ್ಲ?’ ಎಂದೆ. ಹುಡುಗಿಯೊಬ್ಬಳು ತಲೆ ತಗ್ಗಿಸಿಕೊಂಡೇ, ‘ಹೇಳಿದ್ರೆ ಕಿತ್ತು ಹಾಕ್ತೀರಲ್ಲ ಸಾರ್’ ಎಂದಳು.

ಕಲ್ಕತ್ತೆಗೆ ಹಿಂದಿರುಗೋಣ. ಬಿನ್ನಹವನ್ನು ಕೇಳಿದವನು ನ್ಯಾಯಾಧೀಶ ಸರ್ ಫ್ರಾನ್ಸಿಸ್ ಮ್ಯಾಕ್ನಾಟನ್. ವಕೀಲರು ವಾದಿಸಿದರು. ಆದರೆ ವಾದ ಕೇಳುವುದಕ್ಕೆ ಮುನ್ನವೇ ತಾನು ಸರ್ಕಾರಕ್ಕೆ ಒಪ್ಪಿಗೆಯ ಮಾತು ಕೊಟ್ಟಿದ್ದುದಾಗಿ ನ್ಯಾಯಾಧೀಶನೇ ಹೇಳಿಕೊಂಡ. ತೀರ್ಪು ಮೊದಲು, ವಿಚಾರಣೆ ಆಮೇಲೆ. ನಿರೂಪ ದಾಖಲಾಯಿತು.

1823ರ ಏಪ್ರಿಲ್ 4ರಂದು ‘ಮಿರಾತ್’ನ ಕೊನೆಯ ಸಂಚಿಕೆ ಹೊರಬಿತ್ತು. ಪರವಾನಗಿ ಕೇಳಿದ್ದರೆ ರಾಯರಂಥ ಗಣ್ಯರಿಗೆ ಅದು ಬಹುಶಃ ಸಿಕ್ಕುತ್ತಿತ್ತು. ಅವರು ಕೇಳಲಿಲ್ಲ. ಏಕೆ ಕೇಳುವುದಿಲ್ಲವೆಂಬುದನ್ನು ಓದುಗರಿಗೆ ಬಿಡಿಸಿ ಹೇಳಿದರು. ಮುಖ್ಯ ಕಾರ್ಯದರ್ಶಿಯ ಪರಿಚಯವಿರುವ ಯೂರೋಪಿಯನರಿಗೆ ಆತನ ಸಹಿ ಪಡೆಯುವುದು ಸುಲಭ. ನನ್ನಂಥವನು ದೊಡ್ಡವರ ಬಾಗಿಲಲ್ಲಿ ದ್ವಾರಪಾಲಕರನ್ನೂ ಚಾಕರರನ್ನೂ ದಾಟಿ ಹೋಗಬೇಕು. ತುಂಬಿದ ಕೋರ್ಟಿನಲ್ಲಿ ನಿಂತು ಪ್ರಮಾಣ ಮಾಡುವುದನ್ನು ನಮ್ಮ ಮರ್ಯಾದಸ್ಥರು ಕೀಳೆಂದು ಭಾವಿಸುತ್ತಾರೆ. ಇಷ್ಟೆಲ್ಲ ಮಾನ ಕಳೆದುಕೊಂಡು ಪಡೆದ ಪರವಾನಗಿಯಾದರೂ ಯಾವ ಗಳಿಗೆಯಲ್ಲಿ ಹೋದೀತೋ ಎಂಬ ಭಯ ಮನಸ್ಸಿನ ನೆಮ್ಮದಿಯನ್ನು ಕೆಡಿಸುತ್ತದೆ. ಮಾತಿನ ನಡುವೆ ಮಾನದ ಬೆಲೆಯನ್ನು ಕುರಿತ ಪಾರಸಿ ದ್ವಿಪದಿಯೊಂದನ್ನೂ ಅವರು ಸೇರಿಸಿದ್ದರು. ಇವಿಷ್ಟು ಹೇಳಿ ಪತ್ರಿಕೆಯನ್ನು ನಿಲ್ಲಿಸಿದರು.

ಈ ಮೂರನೆಯ ಕಾರಣವನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಪರವಾನಗಿಯ ಕೇಡು ಅದು ಸಿಕ್ಕದಿರುವುದರಲ್ಲಿ ಮಾತ್ರವಿಲ್ಲ. ಸಿಕ್ಕಿದವನೂ ಪ್ರತಿ ಸಾಲಿನಲ್ಲಿ ಹಿಂಜರಿಯುತ್ತಾನೆ. ಸರ್ಕಾರ ಅಳಿಸಬೇಕಾದ್ದನ್ನು ಅವನೇ ಅಳಿಸಿರುತ್ತಾನೆ. ಮೇಲಧಿಕಾರಿಗಳು ನನ್ನ ಗೋಡೆ ಪತ್ರಿಕೆಯ ಹತ್ತಿರವೂ ಸುಳಿದಿರಲಿಲ್ಲವಷ್ಟೆ.

ದೊರೆಗೆ ಕಳಿಸಿದ ಮನವಿಯೂ 1825ರಲ್ಲಿ ತಳ್ಳಿಬಿತ್ತು. ರಾಯರು 1833ರ ಸೆಪ್ಟೆಂಬರ್ 27ರಂದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ತೀರಿಕೊಂಡರು. ನಿರೂಪ ಆಗಲೂ ಜಾರಿಯಲ್ಲಿತ್ತು.

ಇನ್ನೆರಡೇ ವರ್ಷ. 1835ರಲ್ಲಿ ಗವರ್ನರ್ ಜನರಲ್ ಪದವಿಗೆ ಇನ್ನೊಬ್ಬ ಹಂಗಾಮಿ ಬಂದ, ಚಾರ್ಲ್ಸ್ ಮೆಟ್‌ಕಾಫ್. ಒಬ್ಬ ಹಂಗಾಮಿ ಹಾಕಿದ ಗಂಟನ್ನು ಇನ್ನೊಬ್ಬ ಹಂಗಾಮಿ ಬಿಚ್ಚಿದ. ಮೆಕಾಲೆ ಕರಡು ಸಿದ್ಧಪಡಿಸಿದ. ಆ ವರ್ಷದ 11ನೆಯ ಕಾನೂನು ಸೆಪ್ಟೆಂಬರ್ 15ರಿಂದ ಜಾರಿಗೆ ಬಂದಿತು. ಪರವಾನಗಿ ಹೋಯಿತು. ಮುದ್ರಕನೂ ಪ್ರಕಾಶಕನೂ ತಮ್ಮ ಹೆಸರನ್ನೂ ಸ್ಥಳವನ್ನೂ ಘೋಷಿಸಿದರೆ ಸಾಕು; ಬರೆದದ್ದು ಅಪರಾಧವಾದರೆ ನ್ಯಾಯಾಲಯವಿದೆ. ಜ್ಞಾನ ಹರಡಿದರೆ ನಮ್ಮ ಆಳ್ವಿಕೆಗೇ ಕೇಡಲ್ಲವೇ ಎಂಬ ಆಕ್ಷೇಪಕ್ಕೆ ಮೆಟ್‌ಕಾಫ್ ಕೊಟ್ಟ ಉತ್ತರದ ಸಾರವಿದು: ಪರಿಣಾಮ ಏನಾದರೂ ಆಗಲಿ, ಜ್ಞಾನವನ್ನು ಹಂಚುವುದು ನಮ್ಮ ಕರ್ತವ್ಯ. ಕಂಪೆನಿಯ ನಿರ್ದೇಶಕರಿಗೆ ಇದು ಸೇರಲಿಲ್ಲ. ಮದರಾಸಿನ ಗವರ್ನರ್ ಪದವಿ ಆತನ ಕೈತಪ್ಪಿತು; 1838ರಲ್ಲಿ ಆತ ದೇಶ ಬಿಟ್ಟು ಹೋದ. ಕಲ್ಕತ್ತೆಯ ಜನ ಮಾತ್ರ ಚಂದಾ ಎತ್ತಿ ಆತನ ಹೆಸರಿನಲ್ಲಿ ಕಂಬಗಳ ಸಾಲಿನ ಒಂದು ಭವನವನ್ನೇ ಕಟ್ಟಿಸಿದರು. ಅದರೊಳಗೆ ಸಾರ್ವಜನಿಕ ಪುಸ್ತಕಾಲಯವನ್ನು ಇರಿಸಿದ್ದು ಎಷ್ಟು ಉಚಿತ!

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗರ ಕೈಯಲ್ಲಿ ಹುಟ್ಟಿದ್ದು ಈ ಬಿಡುಗಡೆಯ ಕಾಲದಲ್ಲಿಯೇ.

ಆದರೆ ಬಿಚ್ಚಿದ ಗಂಟನ್ನು ಮತ್ತೆ ಹಾಕುವವರು ಹುಟ್ಟುತ್ತಲೇ ಇರುತ್ತಾರೆ. 1878ರ ಮಾರ್ಚಿ 14ರಂದು ಲಾರ್ಡ್ ಲಿಟ್ಟನ್ನನು ದೇಶಭಾಷಾ ಪತ್ರಿಕೆಗಳ ಕಾನೂನನ್ನು ಒಂದೇ ದಿನದ ಸಭೆಯಲ್ಲಿ ಮುಗಿಸಿದ. ಮ್ಯಾಜಿಸ್ಟ್ರೇಟನು ಬಯಸಿದರೆ ಪ್ರಕಾಶಕನು ಮುಚ್ಚಳಿಕೆ ಬರೆದುಕೊಡಬೇಕು, ತಪ್ಪಿದರೆ ಅಚ್ಚುಕೂಟ ಮುಟ್ಟುಗೋಲು, ಮೇಲೆ ಅಪೀಲಿಲ್ಲ. ಇಂಗ್ಲಿಷ್ ಪತ್ರಿಕೆಗಳಿಗೆ ಇದಾವುದೂ ಅನ್ವಯಿಸದು. ಅದೇ ಆಕ್ಷೇಪವನ್ನು ಇಂಗ್ಲಿಷಿನಲ್ಲಿ ಬರೆದರೆ ಅಭಿಪ್ರಾಯ, ತಾಯ್ನುಡಿಯಲ್ಲಿ ಬರೆದರೆ ಅಪಾಯ! ಬಂಗಾಳಿ ಇಂಗ್ಲಿಷ್ ಎರಡರಲ್ಲೂ ಹೊರಡುತ್ತಿದ್ದ ‘ಅಮೃತ ಬಜಾರ್ ಪತ್ರಿಕೆ’ಯು ಒಂದೇ ವಾರದಲ್ಲಿ, ಮಾರ್ಚಿ 21ರ ಸಂಚಿಕೆಯಿಂದ, ಪೂರ್ತಿ ಇಂಗ್ಲಿಷಿಗೆ ತಿರುಗಿ ಬಲೆಯಿಂದ ಜಾರಿಕೊಂಡಿತು. ಇದನ್ನು ಜಾಣ್ಮೆಯೆಂದು ಎಲ್ಲರೂ ಕೊಂಡಾಡುತ್ತಾರೆ. ನಾನೂ ಕೊಂಡಾಡುವೆನಾದರೂ, ಬಂಗಾಳಿಯನ್ನಷ್ಟೇ ಬಲ್ಲ ಓದುಗನು ಅಂದು ತನ್ನ ಪತ್ರಿಕೆಯನ್ನು ಕಳೆದುಕೊಂಡನಲ್ಲ ಎಂದು ಮರುಗುತ್ತೇನೆ. ಮದರಾಸು ಪ್ರಾಂತ್ಯಕ್ಕೆ ಈ ಕಾನೂನು ಅನ್ವಯಿಸಲಿಲ್ಲ. ಹೀಗಾಗಿ ಮಂಗಳೂರು ಬಳ್ಳಾರಿಗಳ ಕನ್ನಡಕ್ಕೆ ಇಲ್ಲದ ಬೀಗ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ ಬೆಳಗಾವಿಗಳ ಕನ್ನಡಕ್ಕೆ ಬಿತ್ತು. 1882ರಲ್ಲಿ ಲಾರ್ಡ್ ರಿಪ್ಪನ್ನನ ಕಾಲದಲ್ಲಿ ಅದು ರದ್ದಾಯಿತು.

ನಮ್ಮ ಮೈಸೂರು ಸಂಸ್ಥಾನವೂ ಇದಕ್ಕೆ ಹೊರತಾಗಲಿಲ್ಲ. 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಯನ್ನು ಕಂಡ, ಮಾದರಿಯೆಂದು ಹೆಸರಾದ ಸಂಸ್ಥಾನ ಅದು. ಅಲ್ಲಿ 1908ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ಪತ್ರಿಕಾ ನಿಬಂಧನೆಯೊಂದು ಬಂದು, ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕೆಂದಾಯಿತು. ಎಪ್ಪತ್ತಮೂರು ವರ್ಷಗಳ ಹಿಂದೆ ಕಲ್ಕತ್ತೆಯಲ್ಲಿ ಸತ್ತಿತೆಂದುಕೊಂಡ ಪರವಾನಗಿ! ಆಗ ತಾತಯ್ಯನವರೆಂದು ನಾಡು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರಿಗೆ ಅರವತ್ತು ದಾಟಿತ್ತು. ಮರಿಮಲ್ಲಪ್ಪನವರ ಶಾಲೆಯ ಮುಖ್ಯೋಪಾಧ್ಯಾಯರಾಗಿ ತಲೆಮಾರುಗಳನ್ನು ತಿದ್ದಿದವರು ಅವರು. ತಾವು ನಡೆಸುತ್ತಿದ್ದ ಪತ್ರಿಕೆಗಳನ್ನು ಅವರು ಪ್ರತಿಭಟನೆಯಾಗಿ ನಿಲ್ಲಿಸಿದರು. ‘ಮಿರಾತ್’ ಅವರ ನೆನಪಿನಲ್ಲಿತ್ತೋ ಇಲ್ಲವೋ, ಮಾಡಿದ್ದು ಅದೇ ಕೆಲಸ. ಮೇಷ್ಟರೊಬ್ಬರು ಹಾಗೆ ಮಾಡಿದರೆಂಬುದು ಮೇಷ್ಟರಾದ ನನಗೆ ಹೆಮ್ಮೆಯೂ ಹೌದು, ಗೋಡೆ ಪತ್ರಿಕೆಯನ್ನು ನೆನೆದಾಗ ನಾಚಿಕೆಯೂ ಹೌದು.

ಬರೆಯುವ ಮಾತಿನ ಗತಿ ಹೀಗಾದರೆ, ಗುಂಪು ಸೇರಿ ಆಡುವ ಮಾತಿನ ಗತಿಯೇನೆಂಬುದಕ್ಕೆ ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಅಲ್ಲಿ ನಿಷೇಧಾಜ್ಞೆಯನ್ನು ಲೆಕ್ಕಿಸದೆ ಸೇರಿದ ಜನರ ಮೇಲೆ ಗುಂಡು ಹಾರಿತು, ಜೀವಗಳು ಹೋದವು. ಆ ಕಥೆಯನ್ನು ಅರ್ಧ ಪುಟದಲ್ಲಿ ಹೇಳಿ ಮುಗಿಸುವುದು ಸತ್ತವರಿಗೆ ಅಪಚಾರ. ಅದಕ್ಕೆ ಬೇರೆ ಲೇಖನವೇ ಬೇಕು.

1950ರ ಜನವರಿ 26ರಂದು ಸಂವಿಧಾನ ಬಂದಿತು. 19ನೆಯ ವಿಧಿಯಲ್ಲಿ ಮಾತಿನ ಹಕ್ಕು ಮೊದಲನೆಯದು. ಅದರ ಬೆನ್ನಿಗೇ ಶಾಂತರಾಗಿ, ಆಯುಧವಿಲ್ಲದೆ ಸಭೆ ಸೇರುವ ಹಕ್ಕು. ನಾಲ್ಕೇ ತಿಂಗಳಲ್ಲಿ ಪರೀಕ್ಷೆ ಎದುರಾಯಿತು. ಮುಂಬಯಿಯಲ್ಲಿ ಅಚ್ಚಾಗುತ್ತಿದ್ದ ‘ಕ್ರಾಸ್ ರೋಡ್ಸ್’ ಎಂಬ ಎಡಪಂಥೀಯ ವಾರಪತ್ರಿಕೆ ತನ್ನ ಗಡಿಯೊಳಗೆ ಬರಕೂಡದೆಂದು ಮದರಾಸು ಸರ್ಕಾರ ತಡೆದಿತ್ತು. ಬಲಪಂಥದ ‘ಆರ್ಗನೈಸರ್’ ಪತ್ರಿಕೆಯು ಅಚ್ಚಿಗೆ ಮುನ್ನ ಪ್ರತಿಯನ್ನು ತೋರಿಸಬೇಕೆಂದು ದೆಹಲಿಯ ಆಡಳಿತ ಆಜ್ಞಾಪಿಸಿತ್ತು. ಮೇ 26ರಂದು ಸುಪ್ರೀಂ ಕೋರ್ಟು ಎರಡನ್ನೂ ಹೊಡೆದುಹಾಕಿತು. ಎರಡು ಪತ್ರಿಕೆಗಳೂ ಒಂದರ ಮುಖ ಒಂದು ನೋಡುವಂಥವಲ್ಲ; ನ್ಯಾಯ ಮಾತ್ರ ಎರಡಕ್ಕೂ ಒಂದೇ. ರಾಜಕೀಯದ ಮುಕ್ತ ಚರ್ಚೆಯಿಲ್ಲದೆ ಜನತೆಗೆ ಶಿಕ್ಷಣವಿಲ್ಲ, ಆ ಶಿಕ್ಷಣವಿಲ್ಲದೆ ಪ್ರಜಾಸರ್ಕಾರ ನಡೆಯದು ಎಂಬ ಭಾವದ ಮಾತನ್ನು ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿಗಳು ಬರೆದರು. ಫಜಲ್ ಅಲಿಯವರು ಒಪ್ಪದೆ ಭಿನ್ನ ತೀರ್ಪು ಕೊಟ್ಟರು; ಅದೂ ಅಚ್ಚಾಗಿ ನಮ್ಮ ಮುಂದಿದೆ.

ಮರುವರ್ಷವೇ, 1951ರ ಜೂನಿನಲ್ಲಿ, ಸಂವಿಧಾನದ ಮೊದಲನೆಯ ತಿದ್ದುಪಡಿ ಬಂದು, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಂದಲೂ ಮಾತಿಗೆ ಮಿತಿ ಹಾಕಬಹುದೆಂದಾಯಿತು. ಇದನ್ನು ಹಿಂದೆ ಸರಿದದ್ದೆನ್ನುವವರು ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಅದೇ ತಿದ್ದುಪಡಿಯಲ್ಲಿ ಇನ್ನೊಂದು ಪುಟ್ಟ ಪದವೂ ಒಳಗೆ ಬಂದಿತು: ನಿರ್ಬಂಧವು ‘ಯುಕ್ತ’ವಾಗಿರಬೇಕು. ಯುಕ್ತವೋ ಅಲ್ಲವೋ ಎಂಬುದನ್ನು ನಿರ್ಬಂಧ ಹಾಕಿದವನೇ ತೀರ್ಮಾನಿಸುವಂತಿಲ್ಲ, ನ್ಯಾಯಾಲಯ ನೋಡುತ್ತದೆ. 1823ರಲ್ಲಿ ಆಡಂನಿಗೆ ಯಾರೂ ಈ ಪ್ರಶ್ನೆಯನ್ನು ಹಾಕುವಂತಿರಲಿಲ್ಲ.

ಆ ಪದದ ಬಲದಿಂದ ಏನಾಗಬಹುದೆಂಬುದಕ್ಕೆ 1972ರ ಒಂದು ಮೊಕದ್ದಮೆ ಸಾಕು. ಅಹಮದಾಬಾದಿನಲ್ಲಿ ಬೀದಿಯಲ್ಲಿ ಬಹಿರಂಗ ಸಭೆ ನಡೆಸಲು ಪೊಲೀಸ್ ಕಮಿಷನರು ಅನುಮತಿ ನಿರಾಕರಿಸಿದ್ದರು. ಹೊತ್ತು, ಸ್ಥಳ, ಸಂಚಾರಗಳ ಬಗ್ಗೆ ಕ್ರಮ ವಿಧಿಸುವುದು ಸರಿ. ಆದರೆ ಯಾವ ಆಧಾರದ ಮೇಲೆ ನಿರಾಕರಿಸಬೇಕೆಂಬ ಸೂಚನೆಯೇ ಇಲ್ಲದೆ ಒಬ್ಬ ಅಧಿಕಾರಿಯ ಇಚ್ಛೆಗೆ ಬಿಟ್ಟ ನಿಯಮ ನಿಲ್ಲದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಕಾರ್ಯದರ್ಶಿಯ ಬಾಗಿಲಿನ ದ್ವಾರಪಾಲಕರನ್ನು ದಾಟಲೊಲ್ಲೆನೆಂದು ರಾಯರು ಬರೆದು ಆಗ 149 ವರ್ಷಗಳಾಗಿದ್ದವು.

ನಮ್ಮ ಶಾಲೆಯ ಗೋಡೆ ಪತ್ರಿಕೆ ಈಗಲೂ ನಡೆಯುತ್ತಿದೆ. ನಾನು ಅದರಲ್ಲಿ ಕಾಗುಣಿತವನ್ನಷ್ಟೇ ತಿದ್ದುತ್ತೇನೆ. ಹೋದ ತಿಂಗಳು ಎಂಟನೆಯ ತರಗತಿಯ ಹುಡುಗಿಯೊಬ್ಬಳು, ಕನ್ನಡ ಪಂಡಿತರು ಕರಿಹಲಗೆಯ ಮೇಲೆ ಬರೆಯುವ ಅಕ್ಷರ ಹಿಂದಿನ ಬೆಂಚಿಗೆ ಕಾಣಿಸುವುದಿಲ್ಲ ಎಂದು ಬರೆದು ಅಂಟಿಸಿದ್ದಳು. ಓದಿದೆ. ಈಗ ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ.